ಎರಡನೆಯ ಬ್ರೇಕ್

ಜಲಜಾಕ್ಷಿಯ ಮೊದಲ ಪಾಠದಲ್ಲಿ ಕಾರು ಒಂದಿಂಚೂ ಕದಲುತ್ತಿರಲಿಲ್ಲ. ಕಲಿಯಲು ಬಂದವರನ್ನು ಸ್ಟಿಯರಿಂಗ್ ಎದುರು ಕೂರಿಸಿ, ಕೀಯನ್ನು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡು, ಎಡಗಡೆಯ ಸೀಟಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಯಾರಿಗೋ ತಾಗಿಸಿದಿರಿ ಅಂತ ಇಟ್ಟುಕೊಳ್ಳಿ. ಮೊದಲು ಎಂತ ಮಾಡ್ತೀರಿ?"

ಮೆಲ್ಬರ್ನಿನ ಹೊರವಲಯದ ಕ್ರೇಗಿಬರ್ನ್‌ನ ಕನ್ನಡದ ಹೆಂಗಸರಲ್ಲಿ ಹೆಚ್ಚಿನವರು ಗಂಡನಿಗೆ ಫೋನ್ ಮಾಡುವುದಾಗಿ ಹೇಳುತ್ತಿದ್ದರು. ಸಾರಿ ಕೇಳುತ್ತೇನೆ ಎಂದವರೂ ಇದ್ದರು. ಗಗನಾ ಎಂಬ ಬೆಂಗಳೂರಿನ ಹುಡುಗಿ ಮಾತ್ರ ಮನಸ್ಸಿನಲ್ಲಿದ್ದುದನ್ನೇ ಆಡಿಬಿಟ್ಟಳು.

"ಎಸ್ಕೇಪ್ ಆಗ್ತೀನಿ ಆಂಟಿ. ನಮ್ಮೂರಲ್ಲಿ ನಿಂತ್ಕೊಂಡ್ರೆ ಜನ ಸೇರ್ಕೊಂಡು ಚಚ್ಚಿಹಾಕ್ತಾರೆ."

"ಚಚ್ಚಲಿಕ್ಕೆ ಇಲ್ಲಿ ಜನ ಎಲ್ಲಿದ್ದಾರೆ? ನಿಲ್ಲಿಸಬೇಕು. ಇಳಿಯಬೇಕು. ಆಂಬುಲೆನ್ಸ್ ಕರೆಯಬೇಕು. ಅವರು ಬರುವವರೆಗೆ ಅಲ್ಲೇ ಇರಬೇಕು. ಇದು ಬಾಯಿಪಾಠ ಆಗುವವರೆಗೆ ಕೀ ಸಿಗುವುದಿಲ್ಲ ನಿಮಗೆ."

ಅವಳ ಕಾರಿನಲ್ಲಿ ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು. ಕಲಿಯುವವರು ತಪ್ಪಿದರೆ ಅದನ್ನು ಒತ್ತಿ ಕಾರು ನಿಲ್ಲಿಸಬಹುದು. ವರ್ಷಗಳ ಅಭ್ಯಾಸದಿಂದ, ಬೇರೆ ಯಾರದೇ ಕಾರಿನಲ್ಲಿ ಕುಳಿತರೂ ಅಲ್ಲಿಲ್ಲದ ಬ್ರೇಕನ್ನು ಅವಳ ಬಲಗಾಲು ಒತ್ತುತ್ತಿತ್ತು. ಮಗ ಜಯೇಶ್ ಅದನ್ನು ನೋಡಿ ನಗುತ್ತಿದ್ದ.

ಉಡುಪಿಯ ಹತ್ತಿರದ ಕಾಪುವಿನಿಂದ ಮದುವೆಯಾಗಿ ಮೆಲ್ಬರ್ನಿಗೆ ಬಂದ ಜಲಜಾಕ್ಷಿ ಇಲ್ಲಿ ಮೊದಲು ಒಂದು ಲೆಕ್ಕಪತ್ರದ ಆಫೀಸಿನಲ್ಲಿದ್ದಳು. ಜಯೇಶ್ ಪ್ರೈಮರಿ ಶಾಲೆಯಲ್ಲಿದ್ದಾಗ ಗಂಡ ಹೃದಯಾಘಾತದಿಂದ ತೀರಿಕೊಂಡ. ಮಗನನ್ನು ಶಾಲೆಗೆ ಬಿಟ್ಟು ತರಲು ಅನುಕೂಲವಾಗುವ ಕೆಲಸ ಬೇಕಿತ್ತು. ಪರೀಕ್ಷೆ ಕಟ್ಟಿ ಡ್ರೈವಿಂಗ್ ಇನ್‌ಸ್ಟ್ರಕ್ಟರ್ ಆದಳು. ಸಿಡುಕಿ ಎಂದು ಹೆಸರಾಯಿತು. ಅವಳ ಕೈಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಎಂದೂ ಹೆಸರಾಯಿತು. ಜಯೇಶನಿಗೂ ಅವಳೇ ಕಲಿಸಿದಳು. ಮೊದಲ ದಿನ ಅವನಿಗೂ ಅದೇ ಪ್ರಶ್ನೆ ಕೇಳಿದಳು. ಅವನು ಕಣ್ಣು ಮೇಲೆ ಮಾಡಿ, "ಸ್ಟಾಪ್, ಗೆಟ್ ಔಟ್, ಕಾಲ್, ಸ್ಟೇ. ಐ ನೋ, ಅಮ್ಮಾ" ಎಂದು ಒಂದೇ ಉಸಿರಿಗೆ ಒದರಿದ.

ಅವಳ ಅಣ್ಣ ಕೊರಗಪ್ಪ ಸಿಡ್ನಿಯಲ್ಲಿದ್ದ. ಚಾಟ್ಸ್‌ವುಡ್‌ನ ದೊಡ್ಡ ಆಫೀಸೊಂದರಲ್ಲಿ ಕೆಲಸ, ಮಕ್ಕಳಿರಲಿಲ್ಲ. ಅವರ ಕಡೆ ಸೋದರಮಾವನೆಂದರೆ ತಂದೆಗಿಂತ ಒಂದು ಮೆಟ್ಟಿಲು ಮೇಲೆ. ಅಳಿಯಸಂತಾನದ ಕಟ್ಟು ಕಾಗದದ ಮೇಲೆ ಎಂದೋ ಹೋಗಿದೆ. ಆದರೂ ತಂಗಿಯ ಮಗ ತನ್ನವನೆಂಬ ಅಧಿಕಾರ ಕೊರಗಪ್ಪನ ದನಿಯಲ್ಲಿ ಉಳಿದಿತ್ತು. ಹುಡುಗ ಹನ್ನೆರಡನೆಯ ತರಗತಿ ಮುಗಿಸಿ, ಲೈಸೆನ್ಸ್ ಪಡೆದು, ಬೇಸಿಗೆ ರಜೆಗೆ ಸಿಡ್ನಿಗೆ ಹೋದಾಗ ಮಾವ ತನ್ನ ಹಳೆಯ ದೊಡ್ಡ ಕಾರನ್ನು ಅವನಿಗೆ ಕೊಟ್ಟುಬಿಟ್ಟ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವ, ಮೈಭಾರದ ಕಾರು.

"ಅಣ್ಣ, ಅದು ಕಲಿತ ವರ್ಷವೇ ಓಡಿಸುವ ಗಾಡಿಯಲ್ಲ," ಎಂದಳು ಜಲಜಾಕ್ಷಿ ಫೋನಿನಲ್ಲಿ.

"ಮಾವ ಅಳಿಯನಿಗೆ ಕೊಟ್ಟದ್ದನ್ನು ಬೇಡ ಅನ್ನಲಿಕ್ಕೆ ನೀನು ಯಾರು ಮಾರಾಯ್ತಿ? ನಿನ್ನ ಪಾಠ ಎಲ್ಲ ಆ ಬೆಂಗಳೂರಿನವರಿಗೆ ಇಟ್ಟುಕೋ."

ಅಣ್ಣನ ಎದುರು ಸುಮ್ಮನಾಗುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಆ ಬೇಸಿಗೆಯಲ್ಲಿ ಜಯೇಶ್ ಸಿಡ್ನಿಯ ಪಶ್ಚಿಮದ ಕಾರ್ಖಾನೆಗಳ ಬೀದಿಗಳಲ್ಲಿ, ಕೆಲಸ ಮುಗಿದು ಎಲ್ಲರೂ ಹೋದ ಮೇಲೆ, ಕೆಲವು ಹುಡುಗರ ಜೊತೆ ಡ್ರಿಫ್ಟ್ ಮಾಡಲು ಕಲಿತ. ತಿರುವಿನಲ್ಲಿ ಬೇಕೆಂದೇ ಹಿಂದಿನ ಚಕ್ರಗಳ ಹಿಡಿತ ತಪ್ಪಿಸಿ, ಇಡೀ ಕಾರನ್ನು ಅಡ್ಡಡ್ಡವಾಗಿ ಜಾರಿಸುವ ಆಟ ಅದು. ಟಯರು ಕಿರುಚುತ್ತದೆ, ಹೊಗೆ ಏಳುತ್ತದೆ, ಯಾರಾದರೊಬ್ಬ ಫೋನು ಹಿಡಿದು ವಿಡಿಯೋ ಮಾಡುತ್ತಾನೆ. ಅಂಥ ಒಂದು ವಿಡಿಯೋ ಕೊರಗಪ್ಪನ ಕಣ್ಣಿಗೆ ಬಿತ್ತು. ಅವನು ನಕ್ಕು, "ನಿನ್ನ ಅಮ್ಮನಿಗೆ ತೋರಿಸಬೇಡ ಮಾರಾಯ, ನನ್ನನ್ನು ಕೊಂದಾಳು" ಎಂದನಂತೆ. ಇದು ಜಲಜಾಕ್ಷಿಗೆ ಗೊತ್ತಾದದ್ದು ಬಹಳ ತಡವಾಗಿ. ರಜೆ ಮುಗಿದಾಗ ಅವನು ಆ ಕಾರನ್ನು ಮೆಲ್ಬರ್ನಿಗೆ ಓಡಿಸಿಕೊಂಡು ಬಂದ.

ಅಕ್ಟೋಬರ್‌ನ ಒಂದು ಭಾನುವಾರ ಅವಳು ಮನೆಯ ಮುಂದೆ ಎರಡೂ ಕಾರುಗಳಿಗೆ ಆಯುಧಪೂಜೆ ಮಾಡಿದಳು. ಮುಂದೆ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಕಟ್ಟಿ, ಹಿಂದಿನ ಡಿಕ್ಕಿಯ ಮೇಲೆ ಗಂಧ ಕುಂಕುಮ ಹಚ್ಚಿದಳು. ಚಕ್ರಗಳಿಗೆ ಹಚ್ಚಲು ಬಗ್ಗಿದಾಗ ಕಂಡಿತು. ಮಗನ ಕಾರಿನ ಮುಂದಿನ ಟಯರುಗಳು ಚೆನ್ನಾಗಿದ್ದವು. ಹಿಂದಿನವೆರಡು ಗೀರೇ ಇಲ್ಲದೆ ಬೋಳಾಗಿದ್ದವು. ಚಕ್ರದ ಮೇಲಿನ ಕಮಾನಿನ ಒಳಗೆ ಕರಗಿದ ರಬ್ಬರಿನ ಚೂರುಗಳು ಅಂಟಿದ್ದವು.

ಅದರ ಅರ್ಥ ಅವಳಿಗೆ ತಿಳಿಯದ್ದಲ್ಲ. ಆದರೆ ತಟ್ಟೆಯಲ್ಲಿ ಆರತಿ ಉರಿಯುತ್ತಿತ್ತು, ಜಯೇಶ್ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಪೂಜೆಯ ದಿನ ಗಾಡಿಯ ಎದುರು ಕೆಟ್ಟ ಮಾತು ಆಡಬಾರದು. ಇನ್ನೊಂದು ದಿನ ಕೇಳಿದರಾಯಿತು ಎಂದುಕೊಂಡಳು. ಸೋಮವಾರ ಬೆಳಗಿನಿಂದ ಕತ್ತಲಾಗುವವರೆಗೆ ಪಾಠಗಳಿದ್ದವು. ಮಂಗಳವಾರವೂ ಇದ್ದವು.

ಬುಧವಾರ ಬೆಳಿಗ್ಗೆ ಗಗನಾಳ ಫೋನು ಬಂತು.

"ಆಂಟಿ, ಇವತ್ತು ಕ್ಲಾಸ್ ಕ್ಯಾನ್ಸಲ್ ಮಾಡ್ಕೊಳ್ಳಿ. ನಮ್ಮ ಮಾವನಿಗೆ ನಿನ್ನೆ ಸಂಜೆ ಕಾರ್ ಹೊಡೀತು. ವಾಕಿಂಗ್ ಹೋಗಿದ್ರು. ಸೊಂಟ, ತೊಡೆ ಎಲ್ಲ ಪುಡಿ. ಯಾರೋ ಹೂನ್‌ಗಳು, ನಿಲ್ಲಿಸ್ದೆ ಹೋದ್ರು."

ಬೀದಿಯಲ್ಲಿ ಕಾರು ಕುಣಿಸುವವರಿಗೆ ಇಲ್ಲಿ ಹೂನ್ ಎನ್ನುತ್ತಾರೆ. ಅಷ್ಟು ಹೊತ್ತಿಗಾಗಲೇ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಮಾತು ಬಿರುಸಾಗಿತ್ತು. ಕಲಿಯದ ಮಕ್ಕಳು, ಸರ್ಕಾರದ ದುಡ್ಡಲ್ಲಿ ಬದುಕುವವರ ಮಕ್ಕಳು, ಇಂಥವರನ್ನು ಒಳಗೆ ಹಾಕಬೇಕು ಎಂದು ಒಬ್ಬೊಬ್ಬರೂ ಬರೆದಿದ್ದರು. ನಮ್ಮ ಮಕ್ಕಳು ಎಂದು ಯಾರೂ ಬರೆದಿರಲಿಲ್ಲ.

ಜಲಜಾಕ್ಷಿ ಆಸ್ಪತ್ರೆಗೆ ಹೋದಳು. ಗಗನಾಳ ಮಾವ ಮಡಿವಾಳಪ್ಪ ಹಾವೇರಿ ಕಡೆಯವರು, ನಿವೃತ್ತ ಮೇಷ್ಟ್ರು. ಮೊಮ್ಮಗಳನ್ನು ನೋಡಲು ಬಂದವರು. ಹೊಸ ಬಡಾವಣೆಯಲ್ಲಿ ಮನೆಗಳು ಇನ್ನೂ ಏಳುತ್ತಿದ್ದವು, ಕಾಲುದಾರಿ ಅರ್ಧಂಬರ್ಧ ಆಗಿತ್ತು. ದಿನಾ ಸಂಜೆ ಅವರು ಸ್ವೆಟರ್ ಹಾಕಿಕೊಂಡು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದರು. ಅಲ್ಲಿನ ವೃತ್ತದ ಬಳಿಯೇ ಕಾರು ಅವರಿಗೆ ಬಡಿದದ್ದು.

ಗಗನಾ ಔಷಧಿಗೆಂದು ಹೊರಗೆ ಹೋದಾಗ ಮುದುಕರು ದನಿ ತಗ್ಗಿಸಿದರು.

"ಸೊಸಿಗೆ ಹೇಳಿಲ್ಲ ಯವ್ವಾ, ನಿನಗ ಹೇಳ್ತೀನಿ. ಅದು ಪೂಜಾ ಮಾಡಿದ ಗಾಡಿ ಇತ್ತು. ಬುಗುರಿ ಹಂಗ ಗರಗರ ತಿರುಗ್ತಲ್ಲ, ಹಿಂದೂ ಮುಂದೂ ಎರಡೂ ಕಾಣ್ತು. ಹಿಂದ ಕುಂಕುಮ ಹಚ್ಚಿದ್ರು, ಮುಂದ ಚೆಂಡುಹೂವಿನ ಮಾಲಿ. ನಮ್ಮ ಮಂದೀದ ಗಾಡಿ."

"ಪೊಲೀಸರಿಗೆ ಹೇಳಿದಿರಾ?"

"ಎದಕ್ಕ ಹೇಳ್ಲಿ? ಯಾರ ಮನೀ ಹುಡುಗನೋ ಏನೋ. ದೇಶಾ ಬಿಟ್ಟು ಬಂದು ದುಡಕೊಂಡು ತಿನ್ನಾಕತ್ತಾರ. ನನ್ನ ಕಾಲಿನ ಸಲುವಾಗಿ ಅವರ ಬಾಳಿಗೆ ಕಲ್ಲು ಹಾಕ್ಲೇನು?" ಅವರು ಹೊದಿಕೆಯನ್ನು ಮೇಲಕ್ಕೆ ಎಳೆದುಕೊಂಡರು. "ಹುಡುಗ ಇಳದು ಬಂದಿದ್ದ ಯವ್ವಾ. ಬಗ್ಗಿ ನನ್ನ ಮುಖಾ ನೋಡಿದ. ಫೋನಿನ್ಯಾಗ ಮಾತಾಡಿಕೋತ ಗಾಡೀ ಕಡೆ ಹೋದ. ನೀರು ತರಾಕ ಹೊಂಟಾನಂತ ತಿಳಕೊಂಡೆ."

ನಾಯಿ ಕರೆದುಕೊಂಡು ಬಂದ ಒಬ್ಬ ಹೆಂಗಸು ನೋಡಿ ಆಂಬುಲೆನ್ಸ್ ಕರೆಯುವವರೆಗೆ ಅವರು ಹಾಗೇ ಬಿದ್ದುಕೊಂಡಿದ್ದರು.

ಜಲಜಾಕ್ಷಿ ಮನೆಗೆ ಬಂದಳು. ಮನೆಯ ಗ್ಯಾರೇಜಿನಲ್ಲಿ ಅಕ್ಕಿ ಮೂಟೆ, ಹಳೆಯ ಸೋಫಾ ತುಂಬಿಕೊಂಡು ಕಾರು ಎಂದೂ ಒಳಗೆ ಹೋದದ್ದಿಲ್ಲ. ಈಗ ಸೋಫಾ ಹಿತ್ತಿಲಲ್ಲಿತ್ತು, ಗ್ಯಾರೇಜಿನ ಬಾಗಿಲು ಹಾಕಿತ್ತು. ತೆರೆದು ನೋಡಿದಳು. ಮಗನ ಕಾರಿನ ಎಡಬದಿಯ ಹಿಂಭಾಗ ಒಳಕ್ಕೆ ನಗ್ಗಿತ್ತು. ಡಿಕ್ಕಿಯ ಮೇಲಿನ ಕುಂಕುಮವನ್ನು ಯಾರೋ ಒರೆಸಿದ್ದರು, ಪೂರ್ತಿ ಹೋಗಿರಲಿಲ್ಲ.

ಜಯೇಶ್ ಅಡುಗೆಮನೆಯಲ್ಲಿ ನಿಂತಿದ್ದ. ಅವಳು ಏನೂ ಕೇಳುವ ಮೊದಲೇ ಮಾತಾಡಿದ. "ಐ ಡಿಡ್‌ನ್ಟ್ ಸೀ ಹಿಮ್, ಅಮ್ಮಾ. ಐ ಬ್ರೇಕ್ಡ್. ಇಟ್ ಜಸ್ಟ್ ಕೆಪ್ಟ್ ಗೋಯಿಂಗ್."

"ಜಾರುವ ಕಾರಿಗೆ ಬ್ರೇಕ್ ಇಲ್ಲ. ಅದು ನಿನಗೆ ಗೊತ್ತಿತ್ತು."

ಅವನು ಅತ್ತ. ಅವಳು ಹತ್ತಿರ ಹೋಗಲಿಲ್ಲ. "ಇಳಿದಿದ್ದೆಯಂತೆ. ಮತ್ತೆ ಯಾಕೆ ಹೊರಟೆ?" ಎಂದು ಕೇಳಿದಳು.

ಉತ್ತರ ಮರುದಿನ ಮಧ್ಯಾಹ್ನದ ವಿಮಾನದಲ್ಲಿ ಸಿಡ್ನಿಯಿಂದ ಬಂತು. ಕೊರಗಪ್ಪ ಚಪ್ಪಲಿ ಕಳಚುತ್ತಲೇ ಶುರುಮಾಡಿದ.

"ಹುಡುಗನನ್ನು ನಾನು ಕರ್ಕೊಂಡು ಹೋಗ್ತೇನೆ. ಸಿಡ್ನಿಯಲ್ಲೇ ಓದಲಿ. ಗಾಡಿ ಇಲ್ಲೇ ಇರಲಿ ಸ್ವಲ್ಪ ದಿನ, ಆಮೇಲೆ ಗುಜರಿಗೆ ಕೊಟ್ಟರಾಯಿತು. ನೀನು ಬಾಯಿ ಬಿಡಬೇಡ."

"ಆ ಮನುಷ್ಯ ಇನ್ನು ಕೋಲಿಲ್ಲದೆ ನಡೆಯುವುದಿಲ್ಲ ಅಣ್ಣ."

"ರಸ್ತೆಯ ಮೇಲೆ ಯಾಕೆ ನಡೆಯಬೇಕಿತ್ತು ಅವರು? ಇದೇನು ಹಾವೇರಿಯಾ?"

"ಅವರಿಗೆ ಎಲ್ಲ ಗೊತ್ತುಂಟು. ಹೂವು, ಕುಂಕುಮ, ಎಲ್ಲ. ಆದರೂ ಪೊಲೀಸರಿಗೆ ಹೇಳಲಿಲ್ಲ."

ಕೊರಗಪ್ಪನ ಮುಖ ಅರಳಿತು. "ಮತ್ತೆ ಎಂತ! ಅವರೇ ಬಿಟ್ಟ ಮೇಲೆ ನಿನ್ನದೆಂತ ತಕರಾರು?"

"ಜಯೇಶ್ ಇಳಿದಿದ್ದ. ಇಳಿದು ಯಾರಿಗೋ ಫೋನ್ ಮಾಡಿದ. ನನಗಲ್ಲ."

ಕೊರಗಪ್ಪ ಅಳಿಯನ ಕಡೆ ನೋಡಿದ. ಅಳಿಯ ನೆಲ ನೋಡುತ್ತಿದ್ದ.

"ಹೌದು, ನನಗೇ ಮಾಡಿದ್ದು," ಎಂದ ಕೊರಗಪ್ಪ. "ಹೊರಡು ಅಂತ ನಾನೇ ಹೇಳಿದೆ. ನಿಂತರೆ ಜನ ಸೇರ್ತಾರೆ, ಸಿಕ್ಕಿದ್ದರಲ್ಲಿ ಬಡೀತಾರೆ, ಮೊದಲು ಅಲ್ಲಿಂದ ಹೊರಡು ಅಂದೆ. ಯಾರಾದರೂ ಹಾಗೇ ಹೇಳ್ತಾರೆ."

"ಯಾವ ಜನ ಅಣ್ಣ?" ಎಂದಳು ಜಲಜಾಕ್ಷಿ. "ಆ ರಸ್ತೆಯಲ್ಲಿ ಅರ್ಧ ಕಟ್ಟಿದ ಮನೆಗಳಿದ್ದವು. ಸೇರಲಿಕ್ಕೆ ಒಬ್ಬನೂ ಇರಲಿಲ್ಲ. ಅವರು ಬಿದ್ದದ್ದನ್ನು ನೋಡಲಿಕ್ಕೂ ಇರಲಿಲ್ಲ. ನೀನು ಇಷ್ಟು ವರ್ಷ ಈ ದೇಶದಲ್ಲಿದ್ದು ಕಾಪು ಪೇಟೆಯ ಹೆದರಿಕೆಯನ್ನು ಇವನಿಗೆ ದಾಟಿಸಿದೆ."

"ನನಗೆ ಪಾಠ ಹೇಳ್ಬೇಡ ಜಲಜಾ. ಜೈಲಿಗೆ ಹೋಗ್ತಾನೆ ಅವನು, ಗೊತ್ತುಂಟಾ? ಹೆತ್ತ ತಾಯಿ ಆಡುವ ಮಾತಾ ಇದು?"

ಅದು ಅವಳಿಗೆ ಗೊತ್ತಿತ್ತು. ನಿಲ್ಲಿಸದೆ ಹೋದದ್ದಕ್ಕೆ ಈ ರಾಜ್ಯದ ಕಾನೂನು ಏನು ಶಿಕ್ಷೆ ಕೊಡಬಹುದೆಂದು ಪಾಠ ಹೇಳುವಾಗಲೆಲ್ಲ ಅವಳೇ ಬೇರೆಯವರನ್ನು ಹೆದರಿಸಿದ್ದಳು. ಹುಡುಗನಿಗೆ ಹದಿನೆಂಟು ತುಂಬಿತ್ತು. ಮಗು ಎಂದು ಯಾರೂ ಬಿಡುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಅವನು ಉಳಿಯುತ್ತಿದ್ದ. ಅಣ್ಣ ಹೇಳುತ್ತಿದ್ದುದು ಅದನ್ನೇ. ಪೆಟ್ಟು ತಿಂದ ಮುದುಕರು ಸಹ ಅದನ್ನೇ ಮಾಡಿದ್ದರು. ಭಾನುವಾರ ಆರತಿ ತಟ್ಟೆ ಹಿಡಿದುಕೊಂಡು ಅವಳು ಮಾಡಿದ್ದೂ ಅದನ್ನೇ. ಎಲ್ಲರೂ ಅವನನ್ನು ಉಳಿಸಿದರೆ ಅವನು ಮತ್ತೆ ಯಾವುದೋ ಊರಿನ ಯಾವುದೋ ರಸ್ತೆಗೆ ಇಳಿಯುತ್ತಾನೆ.

"ಜಯೇಶ್, ಶೂ ಹಾಕು," ಎಂದಳು.

"ಜಲಜಾ, ಇವತ್ತು ಅವನನ್ನು ಕರ್ಕೊಂಡು ಹೋದರೆ ಈ ಮನೆಗೆ ನಾನು ಇನ್ನು ಬರುವುದಿಲ್ಲ."

"ನೀನೂ ಬರಬೇಕು ಅಣ್ಣ. ಹೊರಡು ಅಂದವನು ನೀನು, ಅದನ್ನು ನೀನೇ ಹೇಳಬೇಕು."

ಕೊರಗಪ್ಪ ಮತ್ತೆ ಚಪ್ಪಲಿ ಹಾಕಿಕೊಂಡು ಟ್ಯಾಕ್ಸಿ ಬುಕ್ ಮಾಡಲು ಹೊರಗೆ ಹೋಗಿ ನಿಂತ. ಪೊಲೀಸ್ ಸ್ಟೇಷನ್ನಿಗೆ ಬರಲಿಲ್ಲ.

ಜಲಜಾಕ್ಷಿ ಪಾಠದ ಕಾರಿನ ತಲೆಯ ಮೇಲಿನ ಬೋರ್ಡು ಕಿತ್ತು ಒಳಗಿಟ್ಟು, ತಾನೇ ಸ್ಟಿಯರಿಂಗ್ ಹಿಡಿದಳು. ಜಯೇಶ್ ಎಡಗಡೆ, ಯಾವಾಗಲೂ ಅವಳು ಕೂರುವ ಸೀಟಿನಲ್ಲಿ ಕುಳಿತ. ಶಾಲೆ ಬಿಟ್ಟ ಮಕ್ಕಳು ಸೈಕಲ್ಲುಗಳಲ್ಲಿ ಹೋಗುತ್ತಿದ್ದರು. ಸ್ಟೇಷನ್ನಿನ ರಸ್ತೆಗೆ ತಿರುಗಬೇಕಾದ ಕಡೆ ಹಸಿರು ದೀಪವಿತ್ತು. ಅವಳ ಪಾದ ಬ್ರೇಕಿನ ಮೇಲಿರಲಿಲ್ಲ. ಆದರೂ ಕಾರು ತಡೆದು ತಡೆದು ನಿಂತಿತು. ಹಿಂದಿನ ಗಾಡಿ ಹಾರ್ನ್ ಹೊಡೆಯಿತು.

ಅವಳು ಎಡಕ್ಕೆ ನೋಡಿದಳು. ಜಯೇಶನ ಕಾಲು ಎರಡನೆಯ ಬ್ರೇಕಿನ ಮೇಲಿತ್ತು. ಅಪ್ಪನನ್ನು ಕಳೆದುಕೊಂಡ ವರ್ಷ ಶಾಲೆಯ ಗೇಟಿನಲ್ಲಿ ಅವಳ ಕೈ ಬಿಡದೆ ನಿಲ್ಲುತ್ತಿದ್ದಾಗಲೂ ಅವನ ಮುಖ ಹೀಗೇ ಇರುತ್ತಿತ್ತು.

"ಕಾಲು ತೆಗಿ, ಮಗಾ."

ಅವನು ತೆಗೆಯಲಿಲ್ಲ. ದೀಪ ಹಳದಿಗೆ ಬಂತು, ಕೆಂಪಿಗೆ ಬಂತು. ಹಿಂದಿನ ಗಾಡಿಯವನು ಏನೋ ಬೈದು, ಪಕ್ಕದ ಸಾಲಿಗೆ ಸರಿದು ನಿಂತ. ಅವಳು ಕಾದಳು. ಬಲವಂತವಾಗಿ ಅವನ ಕಾಲು ಸರಿಸಬಹುದಿತ್ತು, ಹಾಗೆ ಮಾಡಲಿಲ್ಲ. ದೀಪ ಮತ್ತೆ ಹಸಿರಾದಾಗ ಅವನೇ ಕಾಲು ತೆಗೆದು, ಸೀಟಿನ ಕೆಳಕ್ಕೆ ಹಿಂದೆ ಎಳೆದುಕೊಂಡ. ಕಾರು ತಿರುಗಿತು.

ಸ್ಟೇಷನ್ನಿನ ಕೌಂಟರಿನಲ್ಲಿ ಒಬ್ಬ ಯುವತಿ ಇದ್ದಳು. ಏನಾಗಬೇಕೆಂದು ಜಲಜಾಕ್ಷಿಯನ್ನು ಕೇಳಿದಳು. ಅವಳು ಮಗನ ಕಡೆ ಕೈ ತೋರಿಸಿ, ಹಿಂದೆ ಸರಿದು, ಗೋಡೆಯ ಬಳಿಯ ಕುರ್ಚಿಯಲ್ಲಿ ಕುಳಿತಳು. ಜಯೇಶ್ ಒಮ್ಮೆ ತಿರುಗಿ ನೋಡಿದ. ಅವಳು ನೋಟ ತಪ್ಪಿಸಲಿಲ್ಲ.

"ದಿ ಓಲ್ಡ್ ಮ್ಯಾನ್, ಆನ್ ಟ್ಯೂಸ್‌ಡೇ," ಎಂದ ಅವನು. ಕೌಂಟರಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಮತ್ತೆ ಹೇಳಿದ.

"ಇಟ್ ವಾಸ್ ಮೀ. ಐ ಸ್ಟಾಪ್ಡ್. ದೆನ್ ಐ ಲೆಫ್ಟ್ ಹಿಮ್ ದೇರ್."