ಹಮ್ಮಬ್ಬ ಕಂಡ ಬಾತು

ಗಲ್ಫಿನ ವಾದಿ ಅದಾಯ್ ಊರಿನ ಗ್ಯಾರೇಜಿನಲ್ಲಿ ಹಮ್ಮಬ್ಬ ಕಾರುಗಳಿಗೆ ಪೇಂಟ್ ಹೊಡೆಯಲು ತೊಡಗಿ ಇಪ್ಪತ್ತೆರಡು ವರ್ಷವಾಯಿತು. ಹಕ್ಕಿಗಳ ಹುಚ್ಚು ಹಿಡಿದು ಮೂರೇ ವರ್ಷ. ಶುಕ್ರವಾರ ಬಂತೆಂದರೆ ಮಂಗಳೂರು ಕಡೆಯವರ ಪಕ್ಷಿವೀಕ್ಷಕ ತಂಡದ ಜೊತೆ ಹೊರಟುಬಿಡುತ್ತಾನೆ. ಹೊಸ ಹಕ್ಕಿ ಕಂಡರೆ ತಂಡದ ಪುಸ್ತಕದಲ್ಲಿ ಕಂಡವರ ಹೆಸರು ಬರೆಯಬೇಕು, ಇನ್ನೊಬ್ಬರು ನೋಡಿ ಸಾಕ್ಷಿ ಹಾಕಬೇಕು. ಅದರಲ್ಲಿ ಎಲ್ಲರ ಹೆಸರೂ ಇದೆ, ಹಮ್ಮಬ್ಬನದು ಮಾತ್ರ ಇಲ್ಲ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಒಮ್ಮೆ ತೇಲುತ್ತಿದ್ದ ಆಯಿಲ್ ಡಬ್ಬಿಯನ್ನು ನೀರುಕಾಗೆ ಎಂದು ಕೂಗಿಬಿಟ್ಟಿದ್ದ. ಆಮೇಲೆ ಅವನು ಬಾಯಿ ತೆರೆದರೆ ಸಾಕು, ಉಳಿದವರು ನಗಲು ತಯಾರು. ದೊಡ್ಡ ಓದು ಓದಿದವರಿಗೆ ನಗಲು ಅಷ್ಟೇ ಸಾಕು ನೋಡಿ.

ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ಬೆಟ್ಟದ ಮೇಲಿನ ಅಣೆಕಟ್ಟಿಗೆ ಹೋದರು. ನೀರಿನಲ್ಲಿ ಹನ್ನೊಂದು ಬಾತುಗಳಿದ್ದವು. ತಂಡದ ಹಿರಿಯ ಕ್ಲಾರೆನ್ಸ್, ಅಲ್ ಖುವೈರ್‌ನ ಕಂಪನಿಯೊಂದರ ಮ್ಯಾನೇಜರು, ಟೆಲಿಸ್ಕೋಪಿಗೆ ಕಣ್ಣಿಟ್ಟು, "ಎಲ್ಲ ಜುಟ್ಟುಬಾತು. ಖಲಾಸ್, ತಿಂಡಿ ತಿನ್ನುವ," ಎಂದರು.

ಹಮ್ಮಬ್ಬನ ಮನಸ್ಸು ಒಪ್ಪಲಿಲ್ಲ. ಸೂರ್ಯ ನೇರ ಎದುರಿಗಿದ್ದ. ಎದುರುಬಿಸಿಲಿನಲ್ಲಿ ಬಣ್ಣ ಹೇಳುವ ಪೇಂಟರನ ಕೈಯಲ್ಲಿ ಬಾಗಿಲಿಗೊಂದು ಬಣ್ಣ, ಬಾನೆಟ್ಟಿಗೊಂದು ಬಣ್ಣ ಆಗಿಬಿಡುತ್ತದೆ.

"ಸಾರ್, ಒಂದರ ಬಣ್ಣ ಬೇರೆ ಉಂಟು. ಆಚೆ ಬದಿಯಿಂದ ನೋಡುವ."

"ಇದೂ ಡಬ್ಬಿಯಾ ಮಾರಾಯಾ?" ಎಂದರು ಕ್ಲಾರೆನ್ಸ್.

ಎಲ್ಲರೂ ನಕ್ಕರು. ಹಮ್ಮಬ್ಬನಿಗೆ ಸಿಟ್ಟು ನೆತ್ತಿಗೇರಿತು. ಬೈನಾಕ್ಯುಲರ್ ಹಿಡಿದು ಒಬ್ಬನೇ ಕಲ್ಲುದಾರಿಯಲ್ಲಿ ಸುತ್ತಿ ಆಚೆ ದಡ ಸೇರಿದ. ಈಗ ಬಿಸಿಲು ಬೆನ್ನಿಗಿತ್ತು. ಹತ್ತು ಬಾತುಗಳ ಮೈ ಕಪ್ಪು, ಪಕ್ಕೆ ಬಿಳಿ. ಹನ್ನೊಂದನೆಯದು ಪಾಲಿಶ್ ಹಾಕಿದ ಬೀಟೆಮರದಂಥ ಕಂದು. ಬಾಲದ ಅಡಿ ಅಚ್ಚ ಬಿಳಿ, ಕಣ್ಣೂ ಬಿಳಿ! ಪುಸ್ತಕದಲ್ಲಿ ಇನ್ನೂ ಯಾರೂ ಬರೆಯದ ಬಿಳಿಗಣ್ಣಿನ ಬಾತು ಅದು. ಕ್ಲಾರೆನ್ಸ್‌ಗೆ ಫೋನ್ ಹಚ್ಚಿದ.

"ಬಿಳಿಗಣ್ಣು ಸಾರ್! ಹಾರುವ ಮೊದಲು ಬನ್ನಿ!"

ಕ್ಲಾರೆನ್ಸ್ ಅನುಮಾನಿಸುತ್ತಿದ್ದರು. ಅವರ ಹೆಂಡತಿ ರೋಸಲಿಂಡ್ ಟೆಲಿಸ್ಕೋಪ್ ಹೆಗಲಿಗೇರಿಸಿ, "ನೀವು ತಿಂಡಿ ತಿನ್ನಿ, ನಾನು ಹೋಗ್ತೇನೆ," ಎಂದು ಹೊರಟೇಬಿಟ್ಟರು. ಇನ್ನು ಕೂರುವುದಾದರೂ ಹೇಗೆ? ಕ್ಲಾರೆನ್ಸ್ ಏದುಸಿರು ಬಿಡುತ್ತಾ ಹಿಂದೆ ಬಂದರು. ಬಾತು ಅಲ್ಲೇ ಇತ್ತು. ಅವರು ತುಂಬ ಹೊತ್ತು ನೋಡಿದರು.

"ಹೌದು ಮಾರಾಯಾ. ಹತ್ತು ವರ್ಷದಿಂದ ಇದನ್ನೇ ಹುಡುಕ್ತಾ ಇದ್ದೆ ನಾನು. ಕಣ್ಣೆದುರೇ ಇತ್ತಲ್ಲ!"

ಹಮ್ಮಬ್ಬನಿಗೆ ಕುಣಿಯಬೇಕೆನಿಸಿತು. ಕ್ಲಾರೆನ್ಸ್ ಪುಸ್ತಕ ಬಿಚ್ಚಿ ಬರೆಯಹೊರಟಾಗ ಕೈ ಚಾಚಿದ.

"ನನ್ನ ಹೆಸರು ನಾನೇ ಬರೀತೇನೆ ಸಾರ್."

ಇಂಗ್ಲಿಷ್ ಹೆಸರುಗಳ ಕೆಳಗೆ, ಎರಡು ಸಾಲು ತುಂಬುವಷ್ಟು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದ. ಪೆನ್ನು ವಾಪಸು ಕೊಟ್ಟು ಸಾಕ್ಷಿಯ ಜಾಗ ತೋರಿಸಿದ. ಕ್ಲಾರೆನ್ಸ್ ಬಗ್ಗಿ ಅಲ್ಲಿ ಸಹಿ ಹಾಕಿದರು.