ಕೊನೆ ಡಾಕ್ಟರಮ್ಮ ತೋರಿಸಿದ ಹೃದಯ

ಆಸ್ಪತ್ರೆಯವರು ಬೆನ್ನ ಹಿಂದೆ ಅವರನ್ನು ‘ಕೊನೆ ಡಾಕ್ಟರಮ್ಮ’ ಎನ್ನುತ್ತಿದ್ದರು. ಶವಪರೀಕ್ಷೆ ಮಾಡುವವರಿಗೆ ಇನ್ನಾವ ಹೆಸರು ಬಂದೀತು? “ನನ್ನ ರೋಗಿಗಳು ಇದುವರೆಗೂ ದೂರು ಕೊಟ್ಟಿಲ್ಲ” ಎಂದು ಅವರೇ ನಗುತ್ತಿದ್ದರು, ಜೊತೆಗೆ ನಗುವವರಿರಲಿಲ್ಲ. ಊಟದ ಕೋಣೆಯಲ್ಲಿ ಅವರೆದುರಿನ ಕುರ್ಚಿ ಸದಾ ಖಾಲಿ. ಒಡಹುಟ್ಟಿದ ತಂಗಿಯೇ ತನ್ನ ಹಸುಗೂಸನ್ನು ಅವರ ಕೈಗೆ ಕೊಡಲು ಹಿಂಜರಿದ ಮೇಲೆ, ಅವರು ಯಾರ ಮನೆಯ ತೊಟ್ಟಿಲಿಗೂ ಬಗ್ಗಲಿಲ್ಲ.

ಒಂದು ಬೆಳಿಗ್ಗೆ ಎಳೆಗೂಸಿನ ದೇಹ ಬಂದಿತು. ಹಿಂದಿನ ರಾತ್ರಿ ತಾಯಿ ಅದನ್ನು ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ಅವಳಿಗೆ ಎಚ್ಚರವಾದಾಗ ಮಗು ತಣ್ಣಗಾಗಿತ್ತು. ಅತ್ತೆಯ ದನಿ ಮುಚ್ಚಿದ ಬಾಗಿಲನ್ನೂ ದಾಟಿ ಬರುತ್ತಿತ್ತು: “ಕುಂಭಕರ್ಣನ ನಿದ್ದೆ ಇವಳದು! ಮಗು ಮೇಲೇ ಹೊರಳಿದಾಳೆ. ನೀನು ತಾಯೇನೇ?”

ಶ್ವಾಸಕೋಶದ ಮೇಲೆ ಕೆಂಪು ಚುಕ್ಕೆಗಳಿದ್ದವು. ಕಿರಿಯ ವೈದ್ಯ, “ಉಸಿರುಕಟ್ಟಿದ್ದೇ ಮೇಡಂ, ಬರೆದುಬಿಡೋಣ್ವಾ?” ಎಂದ.

“ಚುಕ್ಕೆ ಬೇರೆ ಕಾರಣಕ್ಕೂ ಬರುತ್ತಪ್ಪ. ಬರೆದರೆ ಆ ಹುಡುಗಿ ಜೈಲಿಗೆ ಹೋಗ್ತಾಳೆ. ಹೃದಯ ನೋಡದೆ ನಾನು ಸಹಿ ಹಾಕಲ್ಲ.”

ಹೃದಯದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳುವಾಗಿ ಸೀಳಿ, ಬಣ್ಣವೇರಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಪೊಲೀಸರು ಅವಸರಪಡಿಸಿದರು. ಡಾಕ್ಟರಮ್ಮ ಜಗ್ಗಲಿಲ್ಲ. ಕೊನೆಗೆ ಸೂಕ್ಷ್ಮದರ್ಶಕದಡಿಯಲ್ಲಿ ಕಂಡಿತು: ಸ್ನಾಯುವಿನ ಎಳೆಗಳ ನಡುವೆ, ಸಕ್ಕರೆಗೆ ಮುತ್ತಿದ ಇರುವೆಗಳಂತೆ, ಸೋಂಕು ತಗುಲಿದಾಗ ನುಗ್ಗಿಬರುವ ನೇರಳೆ ಕಣಗಳು. ಸೋಂಕು ಹೃದಯವನ್ನೇ ತಿಂದಿತ್ತು.

ವರದಿ ಪೊಲೀಸರಿಗೆ ಹೋಯಿತು. ಮರುದಿನ ತಾಯಿ ಬಂದಳು. ಹಿಂದೆಯೇ, ನಂಬದ ಮುಖ ಹೊತ್ತು, ಅತ್ತೆ.

“ಪಾಪ ಅಂತ ಸುಳ್ಳು ಬರೆದ್ರಾ, ಅಮ್ಮಾ?” ತಾಯಿಯೇ ಕೇಳಿದಳು.

ಡಾಕ್ಟರಮ್ಮ ಅವಳನ್ನು ಸೂಕ್ಷ್ಮದರ್ಶಕದೆದುರಿನ ಸ್ಟೂಲಿನ ಮೇಲೆ ಕೂರಿಸಿದರು. ಮೊದಲು ಆರೋಗ್ಯವಂತ ಹೃದಯದ ಚೂರು ಅಂಟಿಸಿದ ಗಾಜನ್ನು ತೋರಿಸಿದರು, ಆಮೇಲೆ ಅವಳ ಮಗುವಿನದನ್ನು. ಅವಳು ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ.

“ಮಗೂಗೆ ನೋವಾಗಿತ್ತಾ?”

“ಅದು ಗಾಜಿನಲ್ಲಿ ಕಾಣಲ್ಲ ಮಗಳೇ. ಮಗು ಹೋಗಿದ್ದು ನೀನು ಹೊರಳಿದ್ದರಿಂದಲ್ಲ. ಅಷ್ಟು ಕಾಣುತ್ತೆ.”

ತಾಯಿ ಎದ್ದು ನಿಂತಳು. “ಅತ್ತೆ, ಬನ್ನಿ. ನೀವೂ ನೋಡಿ.”

ಮುದುಕಿ ಹೊಸ್ತಿಲಲ್ಲಿ ತಡವರಿಸಿದಳು. ಸೊಸೆಯೇ ಕೈಹಿಡಿದು ತಂದು ಕೂರಿಸಿ, ಯಾವುದು ಏನೆಂದು ಹೇಳಿಕೊಟ್ಟಳು. ಮುದುಕಿ ನೋಡಿ, ಸೊಸೆಯ ಕಡೆ ತಿರುಗಿದಳು. “ನಾನು ಏನೇನೆಲ್ಲಾ ಅಂದುಬಿಟ್ಟೆನೇ...”

ಡಾಕ್ಟರಮ್ಮ ಸದ್ದಾಗದಂತೆ ಹೊರಬಂದು ಬಾಗಿಲೆಳೆದುಕೊಂಡರು. ಒಳಗೆ ಇಬ್ಬರೂ ಒಟ್ಟಿಗೆ ಅಳುತ್ತಿದ್ದರು. ಡಾಕ್ಟರಮ್ಮ ಖಾಲಿ ಮೊಗಸಾಲೆಯಲ್ಲಿ ಗೋಡೆಗೊರಗಿ, ಆ ಅಳು ಮುಗಿಯುವವರೆಗೂ ನಿಂತಿದ್ದರು.