ಬಾಯಿ ಮುಚ್ಚಿಕೊಂಡು ಮಾಡಿದ ಕ್ಷೌರ

ಬೀದಿಯವರೆಲ್ಲ ಅವನನ್ನು ಸುವಾರ್ತೆ ಎಂದೇ ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ. ಕಸುಬಿನಲ್ಲಿ ಕ್ಷೌರಿಕ. ಕೈ ಹಗುರ, ಕತ್ತಿ ಹರಿತ, ನಾಲಿಗೆ ಅದಕ್ಕಿಂತ ಹರಿತ. ಗಿರಾಕಿಯ ಕೆನ್ನೆಗೆ ನೊರೆ ಬಳಿದು, ಗದ್ದ ಎತ್ತಿ, ಕತ್ತಿಯನ್ನು ಗಂಟಲಿಗೆ ತಂದ ಮೇಲೆಯೇ ಅವನ ಬೋಧನೆ ಶುರು. 'ಯಜಮಾನರೇ, ಈ ಕ್ಷಣ ನಿಮ್ಮ ಪ್ರಾಣ ಹೋದ್ರೆ ಎಲ್ಲಿಗೆ ಹೋಗ್ತೀರಿ?' ಎಂದು ಕೇಳಿದರೆ ಆ ಸ್ಥಿತಿಯಲ್ಲಿ ಯಾರು ತಾನೇ ವಾದ ಮಾಡುತ್ತಾರೆ? ಎಲ್ಲರೂ ಹೂಂ ಎನ್ನುತ್ತಿದ್ದರು. ಆ ಹೂಂಗಳನ್ನೆಲ್ಲ ಈ ಪುಣ್ಯಾತ್ಮ ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು, ದೇವರ ಕೆಲಸದ ಫಲವೆಂದು ಹೇಳಿಕೊಳ್ಳುತ್ತಿದ್ದ. ಹೂಂ ಎಂದವರು ಮುಂದಿನ ಸಲ ಬೇರೆ ಅಂಗಡಿ ಹುಡುಕಿಕೊಳ್ಳುತ್ತಿದ್ದುದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ.

ಅಣ್ಣನ ಕಣ್ಣಿಗೆ ಬಿತ್ತು. ಇಬ್ಬರದೂ ಒಂದೇ ಅಂಗಡಿ, ಅಕ್ಕಪಕ್ಕದ ಕುರ್ಚಿ. ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ಕಸುಬು ಕಲಿಸಿದ್ದೇ ಅಣ್ಣ. ದೇವರ ಮಾತು ಹೇಳು, ಬೇಡ ಅನ್ನಲ್ಲ, ಆದರೆ ಕತ್ತಿ ಹಿಡಿದು ಹೇಳಬೇಡ ಎಂದು ಬುದ್ಧಿ ಹೇಳಿ ಹೇಳಿ ಸಾಕಾಯಿತು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಒಂದು ದಿನ ಅಣ್ಣ ತನ್ನ ಕುರ್ಚಿ, ಕನ್ನಡಿ ಎತ್ತಿಕೊಂಡು ಹಿಂದಿನ ಬೀದಿಗೆ ಹೋಗಿಬಿಟ್ಟ. ಸಭೆಗೆ ಬರುವುದನ್ನೂ ಬಿಟ್ಟ, ತಮ್ಮನ ಜೊತೆ ಮಾತನ್ನೂ ಬಿಟ್ಟ. ಊರಿಗೆಲ್ಲ ದಾರಿ ತೋರಿಸುವವನ ಅಣ್ಣನೇ ದಾರಿ ತಪ್ಪಿದನಲ್ಲ ಎಂದು ಸುವಾರ್ತೆ ಒಳಗೊಳಗೇ ಕುದಿಯುತ್ತಿದ್ದ. ಆ ಕುದಿಯಲ್ಲಿ ಪ್ರೀತಿ ಎಷ್ಟು, ಮಾನ ಹೋಯಿತೆಂಬ ಸಂಕಟ ಎಷ್ಟು ಎಂದು ಮಾತ್ರ ಕೇಳಬೇಡಿ.

ಹೀಗಿರುವಾಗ ಒಂದು ಸಂಜೆ ಅತ್ತಿಗೆ ಅಂಗಡಿಗೆ ಬಂದಳು. ಅಣ್ಣನ ತಲೆಯೊಳಗೆ ಗಡ್ಡೆಯಂತೆ, ಬೆಳಗ್ಗೆ ಆಪರೇಷನ್ನಂತೆ, ಉಳಿಯುತ್ತಾನೆಂದು ಡಾಕ್ಟರೂ ಬಾಯಿಬಿಟ್ಟು ಹೇಳುತ್ತಿಲ್ಲವಂತೆ. ಈಗಲೇ ತಲೆ ಬೋಳಿಸಬೇಕು, ಆಸ್ಪತ್ರೆಯವರ ಕೈಗೆ ತಲೆ ಕೊಡಲು ಅವನು ಸುತರಾಂ ಒಪ್ಪುತ್ತಿಲ್ಲ.

"ನಿನ್ನನ್ನೇ ಕರೀತಿದ್ದಾರೆ ಕಣಪ್ಪಾ," ಎಂದಳು. "ಆದ್ರೆ ಬಾಯಿ ಮುಚ್ಕೊಂಡು ಬರಬೇಕಂತೆ."

ದಾರಿಯುದ್ದಕ್ಕೂ ಸುವಾರ್ತೆ ಕಾಲು ಸುಟ್ಟ ಬೆಕ್ಕಾದ. ಬಾಯಿ ಮುಚ್ಚಿಕೊಂಡರೆ ಅಣ್ಣ ಪ್ರಾರ್ಥನೆಯಿಲ್ಲದೆ ಹೋಗಿಬಿಡುತ್ತಾನೇನೋ. ಬಾಯಿ ತೆರೆದರೆ ಎದ್ದು ಹೋಗು ಎನ್ನುತ್ತಾನೇನೋ. ಆಸ್ಪತ್ರೆಯ ಗೇಟಿನವರೆಗೆ ಒಂದು ಬೋಧನೆ ಕಟ್ಟಿದ, ಮೆಟ್ಟಿಲ ಮೇಲೆ ಅದನ್ನು ಕೆಡವಿದ, ವಾರ್ಡಿನ ಬಾಗಿಲಲ್ಲಿ ಮತ್ತೆ ಕಟ್ಟಿದ.

ಅಣ್ಣ ಮಂಚದ ಅಂಚಿನಲ್ಲಿ ಕುಳಿತಿದ್ದ, ಅರ್ಧ ಆಳಾಗಿದ್ದ. ತಮ್ಮ ಬಂದದ್ದು ಕಂಡು ಕ್ಷೌರಕ್ಕೆ ತಲೆ ಬಗ್ಗಿಸಿದ. ಅತ್ತಿಗೆ ಹೆಗಲಿಗೆ ಟವೆಲು ಹೊದಿಸಿದಳು. ಸುವಾರ್ತೆ ನೀರು ತಟ್ಟಿ ನೆತ್ತಿಯಿಂದ ಶುರುಮಾಡಿದ. ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದ.

ಕೂದಲು ಇಳಿದಂತೆ ಕಿವಿಯ ಹಿಂದೆ ಹಳೆಯ ಗಾಯದ ಗೆರೆಯೊಂದು ಕಂಡಿತು. ಹಿಂಬದಿಗೆ ಬಂದರೆ ಅಲ್ಲೂ ಹಲವು. ಎಲ್ಲವೂ ಸುವಾರ್ತೆಯ ಕೈಯವೇ. ಇವನು ಕಸುಬು ಕಲಿಯುವಾಗ ಗಿರಾಕಿಯ ತಲೆ ಕೆಡಬಾರದೆಂದು ಅಣ್ಣ ತನ್ನ ತಲೆಯನ್ನೇ ಕೊಟ್ಟು ಕೂರುತ್ತಿದ್ದ. ಕತ್ತಿ ಜಾರಿ ರಕ್ತ ಬಂದರೆ ಬೈಯುತ್ತಿರಲಿಲ್ಲ. ಪಟಿಕ ಒತ್ತಿಕೊಂಡು, ಪರವಾಗಿಲ್ಲ, ಇನ್ನೊಂದು ಸಲ ಮಾಡು ಎನ್ನುತ್ತಿದ್ದ.

ಸುವಾರ್ತೆ ಕತ್ತಿಯನ್ನು ಆ ಗೆರೆಗಳಿಂದ ದೂರ ಎತ್ತಿ ಹಿಡಿದ. ಕಟ್ಟಿಕೊಂಡು ಬಂದಿದ್ದ ಬೋಧನೆ ಎಲ್ಲಿ ಹೋಯಿತೋ. ಎಷ್ಟು ವರ್ಷ ಕಂಡವರಿಗೆಲ್ಲ ದೇವರ ಮಾತು ಹೇಳುತ್ತ ತಿರುಗಿದೆ, ಇಷ್ಟು ತಾಳ್ಮೆಯಿಂದ ಯಾರ ಮುಂದೆ ತಲೆ ಬಗ್ಗಿಸಿದ್ದೇನೆ ಎಂದು ನಾಚಿಕೆಯಾಯಿತು. 'ಕರ್ತನೇ, ನನ್ನಿಂದಾಗಲ್ಲ, ಈ ಕೈ ನೀನೇ ಹಿಡಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ಅವನು ಜನ್ಮದಲ್ಲಿ ಮಾಡಿದವನಲ್ಲ. ಒಂದು ಹನಿ ರಕ್ತ ಬಾರದಂತೆ ತಲೆ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಯಿ ಬಿಡದೆ ಬಾಗಿಲತ್ತ ತಿರುಗಿದ. ಕತ್ತಿ ಇನ್ನೂ ಕೈಯಲ್ಲೇ ಇತ್ತು.

"ಹೊರಟೆಯೇನೋ?" ಎಂದ ಅಣ್ಣ.

"ಬಾಯಿ ಮುಚ್ಕೊಂಡಿರು ಅಂದಿದ್ದೆಯಲ್ಲಣ್ಣ."

"ಕ್ಷೌರ ಮುಗಿಯೋವರೆಗೆ ಅಂದೆ. ಈಗ ಆ ಕತ್ತಿ ಕೆಳಗಿಟ್ಟು ಪ್ರಾರ್ಥನೆ ಮಾಡು. ನಂಗೆ ಭಯ ಆಗ್ತಿದೆ ಕಣೋ."

ಸುವಾರ್ತೆ ಕತ್ತಿ ಕೆಳಗಿಟ್ಟ. ಬೋಳು ತಲೆಯ ಮೇಲೆ ಎರಡೂ ಕೈ ಇಟ್ಟು ಬಾಯಿ ತೆರೆದ. ಬಂದದ್ದು ಬರೀ ಅಳು. ಕರ್ತನೇ ಎಂಬ ಒಂದು ಮಾತೂ ಪೂರ್ತಿ ಹೊರಡಲಿಲ್ಲ.

ಅಣ್ಣ ತಲೆ ಎತ್ತಲಿಲ್ಲ, ಕದಲಲಿಲ್ಲ.

"ಪರವಾಗಿಲ್ಲ," ಎಂದ. "ಇನ್ನೊಂದು ಸಲ ಮಾಡು."